ಕಂಪ್ಯೂಟರಿನ ಕಾವಲುಗಾತಿ

ಕಂಪ್ಯೂಟರಿಗೆ ನನ್ನನ್ನು ಕಾವಲು ಹಾಕಿದ್ದು ನನ್ನ ಸೊಸೆ. ಆಮೇಲೆ ಆದ ಅನಾಹುತಕ್ಕೆಲ್ಲ ಅವಳೇ ಹೊಣೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಮ್ಮ ಮನೆಗೆಲ್ಲ ಇರುವುದು ಒಂದೇ ಕಂಪ್ಯೂಟರ್. ಹಗಲೆಲ್ಲ ಸೊಸೆ ಅದರ ಮುಂದೆ ಕೂತು, ಮನೆ ಕಟ್ಟಿಸುವವರಿಗೆ ನಕ್ಷೆ ಬರೆಯುತ್ತಾಳೆ. ಅವಳು ಎದ್ದು ಕುರ್ಚಿಯ ಬಿಸಿ ಆರುವ ಮೊದಲೇ ಮಗ ಕೂತು ಬಣ್ಣಬಣ್ಣದ ಹಣ್ಣು ಒಡೆಯುವ ಆಟ ಶುರುಮಾಡುತ್ತಾನೆ. (ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ನೋಡುವವನು ಅವನು. ಅವನ ಕಣ್ಣು ನೋಡುವವರು ಯಾರೂ ಇಲ್ಲ.) ಹೀಗೇ ಒಂದು ದಿನ ಹೊಸ ಆಟ ಇಳಿಸಿಕೊಂಡ. ಅದರ ಬಾಲ ಹಿಡಿದು ಏನೋ ದರಿದ್ರ ಒಳಗೆ ನುಗ್ಗಿ, ಸೊಸೆ ಬರೆದಿಟ್ಟಿದ್ದ ಎರಡಂತಸ್ತಿನ ಮನೆಯನ್ನು ಮೆಟ್ಟಿಲ ಸಮೇತ ನುಂಗಿಬಿಟ್ಟಿತು.

ಮರುದಿನವೇ ಸೊಸೆ ಅದಕ್ಕೊಂದು ರಕ್ಷಾಕವಚ ತೊಡಿಸಿದಳು. ಯಾರೇ ಆಟ ತೆರೆದರೂ ಪರದೆ ಕೆಂಪಗಾಗುತ್ತದೆ, ಸೈರನ್ ಕೂಗುತ್ತದೆ.

"ಅತ್ತೆ, ನಿಮಗೆ ಓದೋಕೆ ಆಗ್ಲಿ ಅಂತ ಕನ್ನಡದಲ್ಲೇ ಹಾಕ್ಸಿದೀನಿ. ನಾನಿಲ್ದಾಗ ನೀವೇ ನೋಡ್ಕೋಬೇಕು."

"ಸದ್ದು ಸಾಲ್ದು ಕಣಮ್ಮ. ನನ್ ಕಿವಿ ಗೊತ್ತಲ್ಲ, ಯಂತ್ರ ಸಿಕ್ಸಿದ್ರೂ ಅಷ್ಟಕ್ಕಷ್ಟೇ. ಇನ್ನೂ ಜೋರು ಮಾಡು."

"ಅಮ್ಮಾ, ಅದು ಕಂಪ್ಯೂಟರು, ಬೆಂಕಿ ಆರ್ಸೋ ಗಾಡಿ ಅಲ್ಲ!" ಎಂದು ಮಗ ಚೀರಿದ.

"ನೀನು ಆಡ್ದೇ ಇದ್ರೆ ಅದ್ಯಾಕಪ್ಪ ಕೂಗುತ್ತೆ?"

ಕಾವಲು ನನಗೆ ಹೊಸದೇನಲ್ಲ. ನಮ್ಮ ಯಜಮಾನರು ಬದುಕಿರುವ ತನಕ ಗೋದಾಮು ಕಾದವರು. (ಕಿವಿಗೆ ಹತ್ತಿ ತುರುಕಿಕೊಂಡು ಕಾಯುತ್ತಿದ್ದರು. ಇಲ್ಲದಿದ್ದರೆ ನಾಯಿಗಳ ಗಲಾಟೆಗೆ ನಿದ್ದೆ ಬರುತ್ತಿರಲಿಲ್ಲವಂತೆ.) ಆ ಮನೆತನದ ಮರ್ಯಾದೆ ಉಳಿಸಬೇಕಲ್ಲ! ವಾರದೊಳಗೇ ಮಗ ಸಿಕ್ಕಿಬಿದ್ದ. ನಾನು ಸೌಟು ಹಿಡಿದೇ ತೀರ್ಪು ಕೊಟ್ಟೆ: ಈ ಮನೆಯಲ್ಲಿ ಯಾರೇ ಸಿಕ್ಕಿಬಿದ್ದರೂ ಒಂದು ತಿಂಗಳು ಪಾತ್ರೆ ತಿಕ್ಕಬೇಕು.

"ಯಾರೇ ಅಂದ್ರೆ ಯಾರೇನಾ?" ಎಂದ ಮಗ.

"ಯಾರೇ ಅಂದ್ರೆ ಯಾರೇ. ನಿಯಮ ಅಂದ್ರೆ ನಿಯಮ. ತಳ ಸರಿಯಾಗಿ ತಿಕ್ಕಪ್ಪ."

ಅವನ ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಇಬ್ಬರೂ ಹೊರಗೆ ಹೋಗಿದ್ದರು. ಪರದೆಯ ಧೂಳು ಒರೆಸಲು ಹೋದೆ. ಮೂಲೆಯಲ್ಲಿ ಆ ಆಟದ ಚಿತ್ರ, ಕೆಂಪಗೆ ಒಂದು ಹಣ್ಣು. ಹೆಂಡತಿಯ ಕೈಲಿ ಬೈಸಿಕೊಂಡು, ತಾಯಿಯ ಮುಂದೆ ಪಾತ್ರೆ ತಿಕ್ಕುವಂಥದ್ದು ಇದರಲ್ಲಿ ಏನಿದೆ? ಕಾವಲುಗಾತಿಗೆ ಅಷ್ಟೂ ಗೊತ್ತಿರಬೇಡವೇ? ಕುರ್ಚಿಯಲ್ಲಿ ಕೂತು ಒತ್ತಿದೆ.

ಪರದೆ ಕೆಂಪಾಯಿತು. "ಅಪಾಯ! ಈ ಆಟ ಹಾನಿಕಾರಕ!" ಸೈರನ್ ಕೂಗಿದ ರಭಸಕ್ಕೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಮೂರನೇ ಕ್ಲಾಸಿನ ಓದು, ಕೂಡಿಸಿ ಕೂಡಿಸಿ ಓದಿದೆ: "ಆದರೂ ಮುಂದುವರಿಸಿ." ಎಂಥ ಮರ್ಯಾದಸ್ಥ ಯಂತ್ರ! ಅಷ್ಟು ಒತ್ತಾಯ ಮಾಡಿದ ಮೇಲೆ ಬೇಡ ಎನ್ನುವುದು ಹೇಗೆ?

ಹಣ್ಣುಗಳೇನೋ ಬಂದವು, ಸೈರನ್ ನಿಲ್ಲಲಿಲ್ಲ. ಮೌಸನ್ನು ಬೋರಲು ಹಾಕಿದೆ. ಸ್ಪೀಕರಿನ ಮೇಲೆ ದಿಂಬು ಒತ್ತಿದೆ. ಉಹೂಂ. ತಲೆ ಸಿಡಿಯುತ್ತಿದ್ದಾಗ ಫಕ್ಕನೆ ಉಪಾಯ ಹೊಳೆಯಿತು. ಕಿವಿಯ ಯಂತ್ರ ತೆಗೆದು ಪಕ್ಕದಲ್ಲಿಟ್ಟೆ.

ಸದ್ದು ನಿಂತೇಹೋಯಿತು! ಇಷ್ಟು ಸುಲಭದ ರಿಪೇರಿ ಓದಿದವರೊಬ್ಬರಿಗೂ ತೋಚಿರಲಿಲ್ಲ ನೋಡಿ.

ಅಲ್ಲಿಂದ ಒಡೆದೆ, ಒಡೆದೆ, ಒಡೆದೇ ಒಡೆದೆ. ಒಂದೇ ಒಂದು ನೇರಳೆ ಗೊಂಚಲು ಉಳಿದಿತ್ತು, ಯಾರೋ ಭುಜ ತಟ್ಟಿದರು.

"ಸ್ವಲ್ಪ ಸುಮ್ನಿರೋ!" ಎಂದು ಗುರಿಯಿಟ್ಟು ಅದನ್ನೂ ಉದುರಿಸಿ ತಿರುಗಿದೆ.

ಕೊರಳಲ್ಲಿ ಟೇಪು, ಕೈಯಲ್ಲಿ ನೀರಿನ ಬಕೆಟ್ ಹಿಡಿದ ಪಕ್ಕದ ಮನೆಯ ಟೈಲರು. ಅವನ ಹಿಂದೆ ಪೊರಕೆ ಹಿಡಿದ ಅವನ ಹೆಂಡತಿ, ಬಾಗಿಲಲ್ಲಿ ಅರ್ಧ ಬೀದಿ. ಅವರ ನಡುವೆ ದಾರಿ ಮಾಡಿಕೊಂಡು ಮಗ, ಸೊಸೆ. ಎಲ್ಲರ ಬಾಯೂ ಮೀನಿನ ಹಾಗೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಯಂತ್ರವನ್ನು ಕಿವಿಗೆ ಸಿಕ್ಕಿಸಿದೆ. ಅಯ್ಯೋ! ಆ ಸೈರನ್ ಇನ್ನೂ ಬೊಬ್ಬೆ ಹೊಡೆಯುತ್ತಲೇ ಇತ್ತು.

"ಅಜ್ಜೀ, ಬೆಂಕಿ ಎಲ್ಲಿ?" ಎಂದ ಟೈಲರು.

"ಅತ್ತೆ, ಏನ್ ಮಾಡ್ತಿದ್ರಿ?" ಎಂದಳು ಸೊಸೆ.

"ಧೂಳು ಒರೆಸ್ತಿದ್ದೆ ಕಣಮ್ಮ."

ಅದೇ ಹೊತ್ತಿಗೆ ಪರದೆಯ ತುಂಬ ನಕ್ಷತ್ರ ಸಿಡಿದು 'ಹಂತ 12' ಎಂದು ಬರಬೇಕೇ!

"ಹನ್ನೆರಡಾ?" ಮಗ ಅಳುವುದೊಂದು ಬಾಕಿ. "ನಾನು ಏಳನ್ನೇ ದಾಟಿಲ್ವಲ್ಲಮ್ಮಾ!" ಆದರೆ ದುಃಖ ಬೇಗ ಇಳಿಯಿತು. ಒಳಗೆ ಹೋಗಿ ಪಾತ್ರೆ ತಿಕ್ಕುವ ಜುಂಗು ತಂದು, ಬಹುಮಾನ ಕೊಡುವವನ ಹಾಗೆ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಬೀದಿಯವರು ಚಪ್ಪಾಳೆ ತಟ್ಟಿದರು.

ಈಗ ಸಿಂಕಿನ ಮುಂದೆ ನಾನು. ಕಂಪ್ಯೂಟರಿಗೆ ಹೊಸ ಕಾವಲುಗಾರ ಮಗ. ನೇಮಿಸಿದ್ದು ಮತ್ತೆ ಸೊಸೆಯೇ. ಇವತ್ತು ಹಾಲು ಸೀದ ಪಾತ್ರೆಯ ಜೊತೆ ಹೆಣಗುತ್ತಿದ್ದಾಗ ಬಂದು ಬಾಗಿಲಿಗೊರಗಿ ನಿಂತ.

"ತಳ ಸರಿಯಾಗಿ ತಿಕ್ಕಮ್ಮ. ನಿಯಮ ಅಂದ್ರೆ..."

ಕೈ ಒರೆಸಿಕೊಂಡು ಕಿವಿಯ ಯಂತ್ರ ತೆಗೆದೆ. ಅವನ ಸದ್ದೂ ನಿಂತಿತು. ಪಾತ್ರೆಯ ಕಪ್ಪು ಮಾತ್ರ ಹಾಗೇ ಇತ್ತು.