ರಾಯರ ಐದು ವಾಕ್ಯದ ರಜೆ

ಮೊಮ್ಮಗಳು ಸಂಹಿತಾಳ ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನ. ಪ್ರತಿಯೊಬ್ಬ ಅಜ್ಜನೂ ತಮ್ಮ ರಜೆಯ ಪ್ರವಾಸದ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಮಾತಾಡಬೇಕಂತೆ. ವಡೋದರಾದ ಫತೇಗಂಜಿನಲ್ಲಿ ಮೂವತ್ತು ವರ್ಷದಿಂದ ಉಡುಪಿ ಹೋಟೆಲು ನಡೆಸುತ್ತಿದ್ದ ದಾಮೋದರ ರಾಯರಿಗೆ ಕೇಳಿಯೇ ಬೆವರು ಬಂತು. ಅವರು ಗುಜರಾತಿಯಲ್ಲಿ ಜಗಳಾಡಬಲ್ಲರು, ಹಿಂದಿಯಲ್ಲಿ ಚೌಕಾಸಿ ಮಾಡಬಲ್ಲರು. ಇಂಗ್ಲಿಷೆಂದರೆ ಮಾತ್ರ ನಾಲಿಗೆ ಬಿಸಿ ಕಾವಲಿ ಮುಟ್ಟಿದಂತೆ ಹಿಂದೆ ಸರಿಯುತ್ತಿತ್ತು. ಇನ್ನು ರಜೆಯೋ, ತಾವು ತೆಗೆದುಕೊಂಡವರಲ್ಲ, ಅಡುಗೆಯವರಿಗೆ ಕೊಟ್ಟವರೂ ಅಲ್ಲ.

"ಅಜ್ಜ, ನನ್ನ ಫ್ರೆಂಡ್ಸ್ ಎಲ್ಲ ಇರ್ತಾರೆ. ಮಿಸ್ಟೇಕ್ ಮಾಡಬಾರ್ದು, ಪ್ಲೀಸ್," ಎಂದಿದ್ದಳು ಸಂಹಿತಾ. ತಮ್ಮ ಮಾನ ಹೋದರೆ ಹೋಗಲಿ, ಮಗುವಿನ ಮಾನ ಹೋಗಬಾರದೆಂದು ರಾಯರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಬೆಳಿಗ್ಗೆ ಗಲ್ಲಾದ ಪಕ್ಕದಲ್ಲೇ ಪಾಠ ಶುರುವಾಯಿತು. ಗುರುಗಳು ಕೊಯಾಲಿಯ ತೈಲ ಕಾರ್ಖಾನೆಯಿಂದ ನಿವೃತ್ತರಾದ, ದಿನಾ ಕಾಫಿಗೆ ಬರುವ ಹೃಷಿಕೇಶರು. ಇಲ್ಲದ ಪ್ರವಾಸವೇ ಆದರೂ ಸುಮ್ಮನೆ ಊರಿಗೆ ಹೋಗುತ್ತೇವೆ ಎಂದರೆ ಸಾಲದು, ಎಂದಿನಿಂದ, ಎಷ್ಟು ದಿನ, ಹೋಟೆಲು ಏನಾಗುತ್ತದೆ, ಎಲ್ಲ ಬರಬೇಕೆಂದರು. ಹಾಗಾಗಿ ಇವತ್ತಿನಿಂದ ಹದಿನೈದು ದಿನ ಹೋಟೆಲು ಮುಚ್ಚಿರುತ್ತದೆ, ಹತ್ತು ಗಂಟೆಯ ರೈಲಿಗೆ ಎಲ್ಲರೂ ಹೊರಡುತ್ತೇವೆ ಎಂಬುದೂ ಸೇರಿತು. ಧ್ವನಿ ಎತ್ತಿ ಹೇಳಿ ಎಂದರೆಂದು ರಾಯರು ಎತ್ತಿಯೇ ಹೇಳಿದರು, ಇಪ್ಪತ್ತು ಸಲ.

ಇಡ್ಲಿ ತಿನ್ನುತ್ತಿದ್ದ ಹಾಸ್ಟೆಲಿನ ಹುಡುಗರು ಮುಖ ಮುಖ ನೋಡಿಕೊಂಡರು. ಪರೀಕ್ಷೆ ಬೇರೆ ಹತ್ತಿರ. ಅವರು ಒಳಗೆ ಹೋಗಿ ದೋಸೆ ಹೊಯ್ಯುವ ರಾಘವೇಂದ್ರನನ್ನು ಹಿಂದಿಯಲ್ಲಿ ವಿಚಾರಿಸಿದರು. ಮಗಳ ಮುಖ ನೋಡಿ ಒಂದೂವರೆ ವರ್ಷವಾಗಿದ್ದ ರಾಘವೇಂದ್ರ ಸಟ್ಟುಗ ಅಲ್ಲೇ ಬಿಟ್ಟು ಗಲ್ಲಾಕ್ಕೆ ಬಂದ.

"ರಾಯರೇ, ಇವತ್ತಿನಿಂದ ಹದಿನೈದು ದಿನ ರಜೆಯಂತೆ, ಹೌದಾ?"

ರಾಯರು ನಾಲ್ಕನೇ ವಾಕ್ಯದಲ್ಲಿದ್ದರು. ಇವನೂ ತಮ್ಮ ಪಾಠ ಕೇಳಿಸಿಕೊಂಡಿದ್ದಾನೆ ಅಂದುಕೊಂಡು, "ಹೌದು ಮಾರಾಯ, ಸರಿಯಾಗಿ ಹೇಳಿದೆ. ಈಗ ಹೋಗು," ಎಂದು ಕೈ ಬೀಸಿ ಶಾಲೆಯ ಆಟೋ ಹತ್ತಿದರು.

ಶಾಲೆಯಲ್ಲಿ ಇವರಿಗಿಂತ ಮೊದಲಿನ ಅಜ್ಜ ಎರಡನೇ ವಾಕ್ಯಕ್ಕೇ ನೀರು ಕೇಳಿ ಕೂತುಬಿಟ್ಟರು. ಮುಂದಿನ ಸರದಿ ರಾಯರದು. ಆದರೂ 'ವಿ ಆರ್ ಗೋಯಿಂಗ್ ಆನ್ ಹಾಲಿಡೇ' ಎಂದು ಶುರುಮಾಡಿದವರು ಐದೂ ವಾಕ್ಯ ಒಂದು ತಪ್ಪಿಲ್ಲದೆ ಮುಗಿಸಿದರು. ಸಂಹಿತಾ ಓಡಿಬಂದು ಸೊಂಟ ತಬ್ಬಿಕೊಂಡಳು. ಮಗಳ ಮದುವೆ ಮುಗಿಸಿದ ದಿನವೂ ರಾಯರಿಗೆ ಇಷ್ಟು ಹಗುರವೆನಿಸಿರಲಿಲ್ಲ.

ಮಧ್ಯಾಹ್ನ ಬಂದು ನೋಡಿದರೆ ಹೋಟೆಲಿನ ಶಟರ್ ಎಳೆದಿತ್ತು. ಫೋನ್ ಮಾಡಿದರು. ಅಡುಗೆಯವರೆಲ್ಲ ಜನರಲ್ ಡಬ್ಬಿಯಲ್ಲಿ ಸೂರತ್ ದಾಟಿದ್ದರು.

"ಅಪ್ಪ ಬರ್ತಾರೆ ಅಂತ ಮಗಳು ಕುಣೀತಿದ್ದಾಳಂತೆ ರಾಯರೇ. ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದ ರಾಘವೇಂದ್ರ.

ಬಾಯಿಗೆ ಬಂದ ಬೈಗುಳ ರಾಯರು ನುಂಗಿಕೊಂಡರು. ಪಾಪ, ಹೋಗಿ ಬರಲಿ. ಮೆಟ್ಟಿಲ ಮೇಲೆ ಕೂತಾಗ ಅವರಿಗೇ ಒಂಥರಾ ಸುಖವೆನಿಸಿತು. ಹಾಲಿನವನಿಲ್ಲ, ಗಿರಾಕಿಯಿಲ್ಲ, ಇಂಗ್ಲಿಷೂ ಮುಗಿಯಿತು. ಹದಿನೈದು ದಿನ ಕಾಲು ಚಾಚಿ ಮಲಗುವುದೆಂದು ನಿಶ್ಚಯಿಸಿ ಮನೆಗೆ ಹೊರಟರು.

ಮನೆ ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ. ಒಳಗೆ ಹಾಸ್ಟೆಲಿನ ಹುಡುಗರು ಸಾಲಾಗಿ ಕೂತು ಅನ್ನ ಸಾರು ಉಣ್ಣುತ್ತಿದ್ದರು. ಹೆಂಡತಿ ಹೇಮಲತಾ ಬಡಿಸುತ್ತಿದ್ದರು.

"ಪರೀಕ್ಷೆಯ ಮಕ್ಕಳು, ಮೋರೆ ಸಣ್ಣ ಮಾಡಿಕೊಂಡು ಬಂದಿದ್ರು. ಹೋಟೆಲು ತೆರೆಯುವವರೆಗೆ ಇಲ್ಲೇ ಉಣ್ಣಿ ಅಂದುಬಿಟ್ಟೆ. ಹೇಗೂ ನಿಮಗೆ ರಜೆಯಲ್ವಾ, ಬೆಳಿಗ್ಗೆಯ ತಿಂಡಿ ನೀವು ನೋಡಿಕೊಳ್ಳಿ."

ಹೋಟೆಲು ನಡೆಯುವಾಗ ರಾಯರು ಆರಕ್ಕೆ ಏಳುತ್ತಿದ್ದರು. ರಜೆಯ ಮೊದಲ ಬೆಳಿಗ್ಗೆ ನಾಲ್ಕಕ್ಕೇ ಎದ್ದರು.