ಜೀಪಿನ ಕೆಳಗಿನ ರವಿವಾರಗಳು

ಹಳೇ ಜೀಪು ಬಾಗಿಲ ಮುಂದೆ ನಿಂತಿರುವ ಮನೆಯಲ್ಲಿ ರವಿವಾರ ಅನ್ನೋದು ಸುಮ್ಮನೆ ಹೋಗುವುದೇ ಇಲ್ಲ. ಏನಾದರೊಂದು ಕಳಚಿ ಬೀಳುತ್ತದೆ. ಏನೂ ಬೀಳದಿದ್ದರೆ ಯಾರಾದರೂ ಬಂದು ಬೀಳುತ್ತಾರೆ.

ನಮ್ಮದು ಸಾಂಗಲಿ. ಅಜ್ಜನ ಕಾಲಕ್ಕೆ ವಿಜಾಪುರದ ಕಡೆಯಿಂದ ಬಂದು ಅರಿಶಿನದ ಅಡತಿ ಅಂಗಡಿ ಹಾಕಿದವರು. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಜೀಪು ಚಾಲೂ ಆಗದಿದ್ದಾಗ ಎರಡೂ. ಸಹಕಾರಿ ಸಕ್ಕರೆ ಕಾರ್ಖಾನೆಗಳು ಸುತ್ತಮುತ್ತ ಒಂದರ ಹಿಂದೊಂದು ಚಿಮಣಿ ಎತ್ತುತ್ತಿದ್ದ ಕಾಲ ಅದು. ಅಂಥ ಒಂದು ಕಾರ್ಖಾನೆ ಸಾಹೇಬರಿಗೆ ಹೊಸ ಗಾಡಿ ತಂದು, ಹಳೇ ಜೀಪನ್ನು ಮಾರಿತು. ಕಬ್ಬಿನ ಹೊಲದ ರಾಡಿಯಲ್ಲೇ ಅರ್ಧ ಆಯುಷ್ಯ ಕಳೆದ ಗಾಡಿ. ಮೇಲೆ ಹಸಿರು ಬಣ್ಣ, ಒಳಗೆಲ್ಲ ತುಕ್ಕು. ತುಕ್ಕಿಗೆ ನಮ್ಮ ಕಡೆ ಜಂಗು ಅಂತಾರೆ, ಕಬ್ಬಿಣಕ್ಕೆ ಲೋಕಂಡ.

ನಾನು ಅದನ್ನು ಮನೆಗೆ ತಂದ ದಿನ ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು: "ಯಪ್ಪಾ, ಇದರಾಗ ಲೋಕಂಡ ಎಷ್ಟೈತಿ, ಜಂಗು ಎಷ್ಟೈತಿ?"

ಬಣ್ಣ ನೋಡಿ ಗಾಡಿ ತಂದವನು ನಾನು. ಅಂದಿನಿಂದ ರವಿವಾರ ಬಂತೆಂದರೆ ತಂತಿಬ್ರಶ್ಶು, ಪಾಲಿಶ್ ಪೇಪರು, ರೆಡ್ ಆಕ್ಸೈಡಿನ ಡಬ್ಬಿ ಹಿಡಿದು ಜೀಪಿನ ಕೆಳಗೆ ತೂರುವುದು ನನಗೊಂದು ವ್ರತವಾಯಿತು.

೧. ಕಾಯಿ ಮತ್ತು ಬಂಪರು

ಮೊದಲ ಖಂಡೇನವಮಿ, ಅಂದರೆ ಆಯುಧಪೂಜೆ. ಮುಂದಿನ ಬಂಪರನ್ನು ತಿಕ್ಕಿ ತಿಕ್ಕಿ, ಮೇಲೆ ಬೆಳ್ಳಿಬಣ್ಣ ಬಳಿದು, ಮುಖ ಕಾಣುವ ಹಾಗೆ ಮಾಡಿಟ್ಟಿದ್ದೆ. ಓಣಿಯ ಮಂದಿಯೆಲ್ಲ ಕೂಡಿದ್ದರು. ಪೂಜೆಗೆ ಬಂದ ಅಯ್ಯನವರು ಮಂತ್ರ ಮುಗಿಸಿ, ಕಾಯಿ ಒಡೆಯಲು ಕಲ್ಲು ಹುಡುಕತೊಡಗಿದರು.

"ಕಲ್ಲು ಯಾಕ್ರಿ ಅಯ್ಯನವರ? ಬಂಪರ್ ಐತಲ್ಲ. ಕಾರಖಾನಿ ಮಾಲು, ಗಟ್ಟಿ ಲೋಕಂಡ" ಅಂದೆ. ಅಷ್ಟು ಮಂದಿಯ ಮುಂದೆ ಹೇಳಿಕೊಳ್ಳುವ ಅವಕಾಶ ಮತ್ತೆ ಸಿಗುತ್ತದೆಯೇ?

ಅಯ್ಯನವರು ಕೈಯೆತ್ತಿ ಹೊಡೆದರು. ಠಣ್ ಅನ್ನಲಿಲ್ಲ. ಸಂಡಿಗೆ ಮುರಿದ ಹಾಗೆ ಚರಕ್ ಅಂತ ಸದ್ದಾಯಿತು. ಬಂಪರಿನ ಒಂದು ಪಕ್ಕ ಪುಡಿಪುಡಿಯಾಗಿ ರಂಗೋಲಿಯ ಮೇಲೆ ಉದುರಿತು. ಕಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಯ್ಯನವರು ಕೈಯಲ್ಲಿದ್ದ ಕಾಯಿ ನೋಡಿದರು, ನೆಲ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಅವ್ವ ಬಾಗಿಲಲ್ಲಿ ನಿಂತು, "ಅಯ್ಯನವರ, ಕಾಯಿ ಒಡೀಲಿಲ್ಲಂದ್ರ ಪ್ರಸಾದ ಹ್ಯಾಂಗ ಹಂಚೋದ್ರಿ?" ಅಂದಳು.

ಅಯ್ಯನವರು ಕಾಯಿಯನ್ನು ಜೋಳಿಗೆಗೆ ಇಳಿಸಿಕೊಂಡು ಹೇಳಿದರು: "ಬಂಪರ್ ಸಣ್ಣ ಸಣ್ಣ ತುಣಕ ಆಗೇತಲ್ಲ ತಾಯಿ, ಅದನ್ನ ಹಂಚ್ರಿ."

೨. ಕಾಕಂಬಿಯ ಔಷಧ

ಮೀರಜದ ಗ್ಯಾರೇಜಿನ ಮೇಸ್ತ್ರಿಯೊಬ್ಬ ಒಂದು ಉಪಾಯ ಹೇಳಿಕೊಟ್ಟ. "ಶೇಠಜಿ, ತಿಕ್ಕಿ ತಿಕ್ಕಿ ಯಾಕ ಸಾಯತೀರಿ? ಕಾಕಂಬಿ ತಂದು ನೀರಾಗ ಕಲಸ್ರಿ. ಅದರಾಗ ಸಾಮಾನು ಮುಳುಗಿಸಿ ಮರತುಬಿಡ್ರಿ. ಜಂಗು ತಾನ ಬಿಟ್ಟು ಹೋಗತೈತಿ."

ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕರಿ ಪಾಕಕ್ಕೆ ನಮ್ಮ ಸೀಮೆಯಲ್ಲಿ ಏನು ಬರ? ಕಾರ್ಖಾನೆಯ ಗುರುತಿನವರಿಂದ ಒಂದು ಡಬ್ಬಿ ಇಸಿದುಕೊಂಡು ಬಂದು, ಹಿತ್ತಲಲ್ಲಿ ಡ್ರಮ್ಮು ಇಟ್ಟು ಕಲಸಿದೆ. ಬಾಗಿಲ ಬಿಜಾಗರಿ, ನಟ್ಟು, ಬೋಲ್ಟು ಎಲ್ಲ ಹಾಕಿ ಮುಚ್ಚಿದೆ. ಹೇಳಿದ ಹಾಗೆ ಮರೆತೂಬಿಟ್ಟೆ.

ಬೇಸಿಗೆ. ಕೆಲ ದಿನಕ್ಕೆ ಡ್ರಮ್ಮಿನೊಳಗಿಂದ ಬುಳಬುಳ ಅಂತ ಶಬ್ದ ಬರತೊಡಗಿತು. ನೊರೆ ಮೇಲೆ ಬಂತು. ವಾಸನೆ ಹಿತ್ತಲು ದಾಟಿ ಓಣಿಗೆ, ಓಣಿ ದಾಟಿ ಚೌಕಕ್ಕೆ ಹೋಯಿತು. ವರ್ಷಗಟ್ಟಲೆ ನನ್ನನ್ನು ಮಾತಾಡಿಸದ ಮಂದಿ ಸಂಜೆಯಾಯಿತೆಂದರೆ ನನ್ನ ಆರೋಗ್ಯ ವಿಚಾರಿಸಲು ಬರತೊಡಗಿದರು. ಕೇಳುವುದು ನನ್ನ ಆರೋಗ್ಯ, ನೋಡುವುದು ಹಿತ್ತಲ ಕಡೆ.

ಕಡೆಗೊಂದು ಮುಂಜಾನೆ ಹವಾಲ್ದಾರ ಸೈಕಲ್ ಮೇಲೆ ಬಂದ. ಅವನ ತಾಯಿ ಅಥಣಿಯವಳು. ಬೆದರಿಸುವುದಕ್ಕೆ ಮರಾಠಿ, ಮಾತಾಡುವುದಕ್ಕೆ ಕನ್ನಡ.

"ಕಾಯ ಶೇಠ, ಹೇ ಕಾಯ ಆಹೇ?" ಇದೇನು ಅಂತ ಮರಾಠಿಯಲ್ಲಿ ಕೇಳುತ್ತ ಲಾಠಿಯಿಂದ ಡ್ರಮ್ಮು ಬಡಿದ.

"ಔಷಧ ಸಾಹೇಬ್ರ" ಅಂದೆ.

ಅವನು ಕನ್ನಡಕ್ಕೆ ಇಳಿದ. "ಕಳ್ಳಭಟ್ಟಿ ಕಾಸೋ ಮಂದಿ ಎಲ್ಲಾರೂ ಹಂಗ ಅಂತಾರ್ರಿ."

ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಪೇಟೆಯಲ್ಲಿ ಅಜ್ಜನ ಕಾಲದಿಂದ ಕಾಪಾಡಿದ ಹೆಸರು ಈ ಡ್ರಮ್ಮಿನಲ್ಲಿ ಮುಳುಗಿತು ಅಂತ ನನಗೂ ಅನ್ನಿಸಿತು. ಹವಾಲ್ದಾರ ತೋಳು ಏರಿಸಿ ಮೊಣಕೈತನಕ ಕೈ ಹಾಕಿದ. ಒಂದು ಬಿಜಾಗರಿ ಬಂತು. ಮತ್ತೆ ಹಾಕಿದ. ಹಿಡಿತುಂಬ ಬೋಲ್ಟು ಬಂದವು. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ: "ಇದನ್ನ ಹಾಕಿದ್ರ ಮಾಲು ಕಡಕ ಆಗತೈತೇನ್ರಿ?"

ನಾನು ಜಂಗಿನ ಕಥೆಯನ್ನೆಲ್ಲ ಹೇಳಿದೆ. ಅವನು ನಂಬಿದನೋ ಬಿಟ್ಟನೋ ತಿಳಿಯಲಿಲ್ಲ. ಬಿಜಾಗರಿಯನ್ನು ಕರವಸ್ತ್ರದಲ್ಲಿ ಸುತ್ತಿ, "ಪುರಾವೆ" ಅಂತ ಜೇಬಿಗೆ ಹಾಕಿಕೊಂಡು ಹೋದ. ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಅವನು ಮತ್ತೆ ಬಂದ. ಕಂಕುಳಲ್ಲಿ ತೆಂಗಿನಕಾಯಿ ಗಾತ್ರದ ಒಂದು ಬೀಗ. ಪೂರ್ತಿ ಜಂಗು ಹಿಡಿದು, ಬೀಗದ ಕೈ ಒಳಗೆ ಹೋಗದ ಹಾಗೆ ಆಗಿತ್ತು.

"ಜಂಗು ಬಿಟ್ಟ ನಿಮ್ಮ ಬಿಜಾಗರಿ ನೋಡಿ ಫೌಜದಾರ ಸಾಹೇಬ್ರು ಖುಷ್ ಆದ್ರು. ಇದು ಚೌಕಿ ಲಾಕಪ್ಪಿಂದು. ಇದನ್ನೂ ಔಷಧದಾಗ ಹಾಕ್ರಿ."

"ಅಲ್ರೀ, ಅಲ್ಲೀತನಕ ಲಾಕಪ್ಪಿಗೆ ಏನು ಮಾಡತೀರಿ?"

"ಹಗ್ಗಾ ಕಟ್ಟೇವ್ರಿ. ಒಳಗಿನಾಂವಗ ಜಗ್ಗಬ್ಯಾಡಪಾ ಅಂತ ಹೇಳೇವಿ."

೩. ಗಾಡಿಯಲ್ಲಿ ಕುಳಿತು ನಡೆದವರು

ಎಡಗಡೆ ಸೀಟಿನ ಕೆಳಗಿನ ತಗಡು ಪೂರ್ತಿ ತಿಂದುಹೋಗಿತ್ತು. ಅಲ್ಲಿ ಕುಳಿತವರಿಗೆ ರಸ್ತೆ ಕಾಣುತ್ತಿತ್ತು. ಒಂದು ರವಿವಾರ ಎಣ್ಣೆ ಡಬ್ಬಿ ಕತ್ತರಿಸಿ, ಆ ತಗಡನ್ನು ತೂತಿನ ಮೇಲೆ ಬಡಿದು ಕೂರಿಸಿ, ಮೇಲೆ ಬಣ್ಣ ಹಚ್ಚಿದೆ. ನೋಡಲು ಹೊಸ ಗಾಡಿಯ ಹಾಗೇ ಕಂಡಿತು. ಕಾಣುವುದಕ್ಕೂ ಇರುವುದಕ್ಕೂ ವ್ಯತ್ಯಾಸವಿದೆ ಅಂತ ಆವಾಗ ನನಗೆ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಕಾರ್ಖಾನೆಯ ಆಡಳಿತ ಮಂಡಳಿಯ ಚುನಾವಣೆ ಬಂತು. ನಮ್ಮ ಗುರುತಿನ ದೊಡ್ಡ ಕಬ್ಬು ಬೆಳೆಗಾರರೊಬ್ಬರು ನಿಂತಿದ್ದರು. ಒಳ್ಳೆ ಮನುಷ್ಯ, ತೂಕವೂ ಒಳ್ಳೆಯದೇ. ಪ್ರಚಾರದ ದಿನ ಅವರ ಕಾರು ಕೆಟ್ಟು ಕುಳಿತದ್ದರಿಂದ ನನ್ನ ಜೀಪು ಕೇಳಿದರು. ನಾನೇ ಓಡಿಸಿದೆ. ಅವರು ಎಡಗಡೆ, ಕೊರಳಲ್ಲಿ ಚೆಂಡುಹೂವಿನ ಹಾರ, ಕೈ ಜೋಡಿಸಿಕೊಂಡು ಕುಳಿತರು. ಹಿಂದೆ ಕಾರ್ಯಕರ್ತರ ಘೋಷಣೆ.

ಖಂಡೇರಾಜುರಿ ಅನ್ನೋ ಹಳ್ಳಿ ಹೊಕ್ಕೆವು. ಕಟ್ಟೆಯ ಮೇಲೆ ಮಂದಿ ಕಂಡದ್ದೇ ಉಮೇದವಾರರು ಎದ್ದು ನಮಸ್ಕಾರ ಮಾಡಲು ಹೋಗಿ ಕಾಲಿನ ಮೇಲೆ ಭಾರ ಹಾಕಿದರು. ತಗಡು ಕಿತ್ತುಹೋಯಿತು. ಒಂದು ಕಾಲು ತೊಡೆತನಕ ಕೆಳಗಿಳಿದು ರಸ್ತೆ ಮುಟ್ಟಿತು!

ನಾನು ಬ್ರೇಕು ಒತ್ತಿದೆ. ಆ ಜೀಪಿಗೆ ಬ್ರೇಕು ಅನ್ನೋದು ಒಂದು ಅರ್ಜಿ ಇದ್ದ ಹಾಗೆ, ಮಂಜೂರಾಗಲು ಹೊತ್ತು ಹಿಡಿಯುತ್ತಿತ್ತು. ನಡಿಗೆಯ ವೇಗದಲ್ಲಿ ಗಾಡಿ ಮುಂದೆ ಹೋಗುತ್ತಲೇ ಇತ್ತು. ಉಮೇದವಾರರು ಒಂದು ಕಾಲಲ್ಲಿ ರಸ್ತೆಯ ಮೇಲೆ ಕುಪ್ಪಳಿಸುತ್ತ, ಇನ್ನೊಂದನ್ನು ಸೀಟಿನ ಮೇಲೆ ಮಡಚಿಕೊಂಡು ಕಟ್ಟೆಯ ಮುಂದೆ ಹಾದುಹೋದರು. ಕೈ ಮಾತ್ರ ಬಿಡಿಸಲಿಲ್ಲ, ಮುಖದ ನಗುವೂ ಹೋಗಲಿಲ್ಲ. ರಾಜಕಾರಣಿ ಅಂದರೆ ಹಾಗಿರಬೇಕು.

ಗಾಡಿ ನಿಂತ ಮೇಲೆ ಒಬ್ಬ ಮುದುಕಿ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡು ಓಡುತ್ತ ಬಂದಳು. ಅವರ ಕೈಗೆ ಕೊಟ್ಟು ಹೇಳಿದಳು: "ಯಪ್ಪಾ, ಉಳಿದಾವರು ಗಾಡಿ ಇಳ್ಯಾಕ ತಯಾರಿಲ್ಲ. ನೀ ಒಬ್ಬಾಂವ ಗಾಡ್ಯಾಗ ಕುಂತರೂ ನಡಕೋತ ಬಂದಿ ನೋಡು."

ಆರಿಸಿ ಬಂದರು. ಪೇಡೆ ಕೊಡಲು ಮನೆಗೆ ಬಂದಾಗ, ನಾನು ನಾಚಿಕೆಯಿಂದ, "ಆ ತೂತಿಗೆ ಈ ಸಲ ದಪ್ಪ ತಗಡು ವೆಲ್ಡಿಂಗ್ ಮಾಡಸ್ತೇನ್ರಿ" ಅಂದೆ.

ಅವರು ಗಾಬರಿಯಾಗಿ ನನ್ನ ಕೈ ಹಿಡಿದರು. "ಮುಂದಿನ ಚುನಾವಣಿತನಕ ಮುಟ್ಟಬ್ಯಾಡ್ರಿ!"

೪. ಮೇಸ್ತ್ರಿಯ ಕಾಲು

ನನ್ನ ತಂಗಿಗೆ ವರ ನೋಡುತ್ತಿದ್ದ ವರ್ಷ. ಅಪ್ಪ ಇರಲಿಲ್ಲ, ಜವಾಬ್ದಾರಿ ನನ್ನದು. ಬಂದವರೆಲ್ಲ ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಸ್ತೇವ್ರಿ" ಅಂತ ಹೋಗಿ ಸುಮ್ಮನಾಗುತ್ತಿದ್ದರು. ತಂಗಿ ಎದುರಿಗೇ ಮಾತಾಡುವವಳು, ಅದೇ ಅವರಿಗೆ ಅರಗುತ್ತಿರಲಿಲ್ಲ. ಈ ಸಲ ಮೀರಜದ ಅರಿವೆ ವ್ಯಾಪಾರಿಗಳ ಮನೆತನ, ನಮ್ಮ ಹಾಗೇ ಕನ್ನಡದವರು. ರವಿವಾರ ಮಧ್ಯಾಹ್ನ ಬರುತ್ತೇವೆ ಅಂತ ಹೇಳಿ ಕಳಿಸಿದ್ದರು.

"ಇವತ್ತೊಂದಿನ ಆ ಗಾಡಿ ಮುಟ್ಟಬ್ಯಾಡ್ರಿ" ಅಂತ ಹೆಂಡತಿ ಕೈಮುಗಿದಳು. ಮಳೆಗಾಲ ಹತ್ತಿರ ಬಂದಿತ್ತು. ಇಂಜಿನ್ನಿನಿಂದ ತೆಗೆದ ಕರಿ ಆಯಿಲನ್ನು ಕೆಳಗೆಲ್ಲ ಬಳಿಯದಿದ್ದರೆ ಚೇಸಿಸ್ ಉಳಿಯುತ್ತಿರಲಿಲ್ಲ. ಮುಂಜಾನೆ ಮುಗಿಸಿದರಾಯಿತು ಅಂತ ಗೋಣಿಚೀಲ ಹಾಸಿ ಕೆಳಗೆ ತೂರಿದೆ. ಹೊರಗೆ ಉಳಿದದ್ದು ನನ್ನ ಎರಡು ಕಾಲು. ಅದಕ್ಕೂ ಮೊದಲು ಡಬ್ಬಿ ಉರುಳಿ, ಕಾಲಬೆರಳಿಗೆಲ್ಲ ರೆಡ್ ಆಕ್ಸೈಡ್ ಮೆತ್ತಿಕೊಂಡಿತ್ತು.

ಅರ್ಧ ಕೆಲಸವಾಗಿತ್ತು. ಕಾಲ ಹತ್ತಿರ ಎರಡು ಪಂಪ್‌ಶೂ ಬಂದು ನಿಂತವು, ಮೇಲೆ ಬಿಳಿ ಧೋತರದ ಅಂಚು.

"ಏ ಮೇಸ್ತ್ರಿ, ಕನ್ನಡ ಬರತೈತೇನಪಾ?"

"ಬರತೈತ್ರಿ" ಅಂದೆ ಒಳಗಿಂದ.

"ನಾ ಮೀರಜದಾಂವ. ನನ್ನ ಮಗಗ ಈ ಮನಿ ಹುಡುಗಿ ನೋಡಾಕ ಬಂದೇನಿ. ಜರಾ ಮೊದಲ ಬಂದು ಓಣ್ಯಾಗ ಚೌಕಶಿ ಮಾಡೂಣು ಅಂತ. ಈ ಮನಿ ಮಂದಿ ಹ್ಯಾಂಗ?"

ಆ ಅವತಾರದಲ್ಲಿ ಹೊರಗೆ ಬಂದು ನಾನೇ ಹುಡುಗಿಯ ಅಣ್ಣ ಅನ್ನುವುದು ಹೇಗೆ? ಅಲ್ಲೇ ಮಲಗಿದೆ.

"ಛಲೋ ಮಂದಿರಿ."

"ಹುಡುಗಿ?"

"ಶಾಣ್ಯಾಕಿ ಅದಾಳ್ರಿ. ಮಾತು ಕಮ್ಮಿ." ಇದು ಶುದ್ಧ ಸುಳ್ಳು.

"ಆಕೀ ಅಣ್ಣ?"

ಕರಿ ಆಯಿಲಿನ ಹನಿಯೊಂದು ಗಲ್ಲದ ಮೇಲೆ ಬಿತ್ತು. ಆದರೂ ಇಂಥ ಅವಕಾಶ ಬಿಡುವವನು ಯಾರು? "ಬಂಗಾರದಂಥಾ ಮನಷ್ಯಾರಿ. ಸಾಂಗಲ್ಯಾಗ ದೀಪಾ ಹಚ್ಚಿ ಹುಡುಕಿದ್ರೂ ಅಂಥವರು ಸಿಗೂದಿಲ್ಲ."

"ಹೌದಾ? ಪೇಟ್ಯಾಗ ಕೇಳಿದ್ರ ಜರಾ ತಲಿ ತಿರುಗೇತಿ ಅಂದ್ರಲ್ಲ. ರವಿವಾರಕ್ಕೊಮ್ಮೆ ಹಳೇ ಲೋಕಂಡ ತಿಕ್ಕೋತ ಕುಂದರತಾನಂತ?"

"ಹೊಟ್ಟಿಕಿಚ್ಚಿನ ಮಂದಿ ಮಾತ್ರಿ ಅವು."

ಅವರು ನಿಟ್ಟುಸಿರು ಬಿಟ್ಟು ಕಟ್ಟೆಯ ಮೇಲೆ ಕುಳಿತ ಸದ್ದಾಯಿತು. "ನಿನ್ನ ಮುಂದ ಹೇಳಿದ್ರ ಏನಾತು ಬಿಡು. ನಮ್ಮ ಹುಡುಗನೂ ಛಲೋನ ಅದಾನ. ಆದ್ರ ಒಂಬತ್ತು ಹೊಡೆಯೋಮಟ ಏಳೂದಿಲ್ಲ. ಹಾಸಿಗ್ಯಾಗನ ಚಹಾ ಬೇಕು. ಇವರ ಮುಂದ ಬಾಯಿ ಬಿಡಬ್ಯಾಡ ಮತ್ತ."

"ನಾ ಯಾಕ ಹೇಳಲಿರಿ" ಅಂದೆ.

ಪಂಪ್‌ಶೂ ಗುಡಿಯ ಕಡೆ ಹೋದದ್ದೇ ತಡ, ನಾನು ಹಿತ್ತಲಿಗೆ ಓಡಿದೆ. ಸೀಮೆಎಣ್ಣೆ ತಿಕ್ಕಿಕೊಳ್ಳುತ್ತ, ಬಚ್ಚಲ ಬಾಗಿಲ ಸಂದಿಯಿಂದ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಪಕ್ಕದಲ್ಲೇ ತಂಗಿ ನಗುವ ಸದ್ದು ಕೇಳಿಸಿತು.

ಮಧ್ಯಾಹ್ನ ತಂದೆ, ಮಗ ಬಂದರು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೂದಲು ಬಾಚಿ, ಮುಖಕ್ಕೆ ಪೌಡರು ಹಾಕಿಕೊಂಡು ಬಾಗಿಲಿಗೆ ಹೋದೆ. "ಬರ್ರಿ, ಬರ್ರಿ, ಕುಂದರ್ರಿ" ಅಂತ ಕೈ ಜೋಡಿಸಿದೆ.

ಆ ದನಿ ಕೇಳಿ ತಂದೆ ಒಂದು ಕ್ಷಣ ನಿಂತರು. ಪ್ರತಿನಮಸ್ಕಾರಕ್ಕೆ ತಲೆ ಬಾಗಿಸಿದರು, ಬಾಗಿದ ತಲೆ ಅಲ್ಲೇ ಉಳಿಯಿತು. ನಾನೂ ಕೆಳಗೆ ನೋಡಿದೆ. ಮೈಯೆಲ್ಲ ತೊಳೆದವನು ಕಾಲು ಮರೆತಿದ್ದೆ. ಬೆರಳುಗಳೆಲ್ಲ ಕುಂಕುಮದಲ್ಲಿ ಅದ್ದಿದ ಹಾಗೆ ಕೆಂಪಗಿದ್ದವು.

ಅವರು ನಿಧಾನವಾಗಿ ಹೋಗಿ ಗಾದಿಯ ಮೇಲೆ ಕುಳಿತರು. ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದರು: "ಮೇಸ್ತ್ರಿ, ಎಲ್ಲಾ ಬರೋಬರಿ. ಆ ಬಂಗಾರದಂಥಾ ಮನಷ್ಯಾ ಎಲ್ಲಿ? ಇನ್ನೂ ಬಂದಿಲ್ಲಲ್ಲ?"

ಹೆಂಡತಿ ತಲೆಯ ಮೇಲೆ ಕೈ ಹೊತ್ತಳು. ಈ ಸಂಬಂಧವೂ ಹೋಯಿತು, ಅದೂ ನನ್ನ ಕಾಲಿನಿಂದ ಅಂತ ಕಾಲು ಹಿಂದಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಅವರ ಹೊಟ್ಟೆ ಕುಣಿಯತೊಡಗಿತು. ಕಣ್ಣೊರೆಸಿಕೊಳ್ಳುತ್ತ ನಕ್ಕರು, ನಕ್ಕೇ ನಕ್ಕರು. ಏನೂ ಗೊತ್ತಿಲ್ಲದ ಅವ್ವನೂ ಸೇರಿ ನಕ್ಕಳು.

ನಗದೆ ಉಳಿದವನು ಹುಡುಗ ಒಬ್ಬನೇ. "ಅಪ್ಪಾ, ಯಾವ ಮೇಸ್ತ್ರಿ? ನೀ ನನ್ನ ಬಗ್ಗೆ ಏನು ಹೇಳಿದಿ?"

ತಂದೆಯ ನಗು ಪಟ್ಟನೆ ನಿಂತಿತು. ತೊಲೆ ನೋಡತೊಡಗಿದರು. ಆಗ ಪರದೆಯ ಹಿಂದಿನಿಂದ ನನ್ನ ತಂಗಿಯ ದನಿ ಬಂತು:

"ಹಾಸಿಗ್ಯಾಗ ಚಹಾ ಬೇಕಂತ ಹೇಳ್ಯಾರ್ರಿ. ಆಗಲಿ, ನನ್ನದೇನೂ ತಕರಾರಿಲ್ಲ. ಆದ್ರ ಮೊದಲ ಎದ್ದವರು ಮಾಡಬೇಕು. ನಾ ಹತ್ತಕ್ಕ ಏಳತೇನಿ."

ಹುಡುಗ ನಮ್ಮ ಕಡೆ ನೋಡಲೇ ಇಲ್ಲ. ಪರದೆಯ ಕಡೆ ತಿರುಗಿ ಹೇಳಿದ: "ಅಡ್ಡಿ ಇಲ್ರಿ. ಒಂಬತ್ತೂವರಿಗೆ ಎದ್ದು ನಾನ ಇಡತೇನಿ. ಸಕ್ರಿ ಎಷ್ಟು ಹಾಕಲಿ?"