ನನ್ನ ಗಿಟಾರ್ ಬೀಟೆಯಲ್ಲವೆಂದು ತೀರ್ಮಾನಿಸಿದ ಅರಣ್ಯಾಧಿಕಾರಿಗಳಿಗೆ

ಕಲ್ಲುಹಡ್ಲು ವಲಯದ ಮಾನ್ಯ ವಲಯ ಅರಣ್ಯಾಧಿಕಾರಿಗಳ ಸನ್ನಿಧಿಗೆ,

ವಿಷಯ: ಹನ್ನೊಂದು ತಿಂಗಳು ಜಪ್ತಿಯಲ್ಲಿಟ್ಟಿದ್ದ ನನ್ನ ಎಲೆಕ್ಟ್ರಿಕ್ ಗಿಟಾರನ್ನು ನಿರಪರಾಧಿಯೆಂದು ಬಿಟ್ಟುಕೊಟ್ಟಿರುವುದರ ವಿರುದ್ಧ ದೂರು.

ಮಾನ್ಯರೇ,

ತಾವು, ತಮ್ಮ ಸಿಬ್ಬಂದಿ, ತಮ್ಮ ಜೀಪು ಮತ್ತು ಡಿಪೋದ ಗೇಟಿನಲ್ಲಿ ಮಲಗಿಕೊಂಡೇ ಕಾವಲು ಕಾಯುವ ತಮ್ಮ ನಾಯಿ ಎಲ್ಲರೂ ಕ್ಷೇಮವೆಂದು ಭಾವಿಸಿ, ಕಳಸದ ಹತ್ತಿರ ಎಂಟು ಎಕರೆ ರೋಬಸ್ಟಾ ಕಾಫಿ ಇಟ್ಟುಕೊಂಡು ಮಿಕ್ಕ ಹೊತ್ತಿನಲ್ಲಿ ಗಿಟಾರ್ ನುಡಿಸಿಕೊಂಡಿರುವ, ಐವತ್ತೆರಡು ವರ್ಷದ ಗಿರಿಜಾಂಬಾ ಎಂಬ ನಾನು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಮುಚ್ಚಿದ ಲಕೋಟೆಯಲ್ಲಿ ಕಳುಹಿಸಿದ ನನ್ನ ಹಿಂದಿನ ನಾಲ್ಕು ಪತ್ರಗಳನ್ನು ತಮ್ಮ ಕಚೇರಿ ಎಷ್ಟು ಜೋಪಾನವಾಗಿ ಇಟ್ಟಿದೆಯೆಂದರೆ, ಅವನ್ನು ಇನ್ನೂ ಒಡೆದೇ ಇಲ್ಲ.

ಕಳೆದ ವರ್ಷ ಕಳಸದಲ್ಲಿ ನಡೆದ ಬೆಳೆಗಾರರ ಕೂಟದಲ್ಲಿ ನಾನು ಐದು ನಿಮಿಷ ಗಿಟಾರ್ ನುಡಿಸಿದ್ದೂ ಅದಕ್ಕೆ ಮುಂಚೆ ಇಪ್ಪತ್ತು ನಿಮಿಷ ಅದರ ಮರದ ಬಗ್ಗೆ ಮಾತಾಡಿದ್ದೂ ತಮಗೆ ನೆನಪಿರಬಹುದು, ಏಕೆಂದರೆ ತಾವು ಮುಂದಿನ ಸಾಲಿನಲ್ಲೇ ಕೂತಿದ್ದಿರಿ. ಎಲೆಕ್ಟ್ರಿಕ್ ಗಿಟಾರಿನ ನಾದವೆಲ್ಲ ಇರುವುದು ಅದರ ಒಡಲಿನ ಮರದಲ್ಲಿ, ತಂತಿಯ ಕಂಪನವನ್ನು ಹಗುರ ಮರ ಕುಡಿದುಬಿಡುತ್ತದೆ, ಗಟ್ಟಿ ಮರ ಕಾಪಾಡಿ ವಾಪಸು ಕೊಡುತ್ತದೆ, ಹಲಸಿನಲ್ಲಿ ದನಿ ಸಿಹಿ, ಹೊನ್ನೆಯಲ್ಲಿ ಖಾರ, ಬೀಟೆಯಲ್ಲಿ ಗಂಭೀರ, ಇನ್ನು ಸಿಲ್ವರ್ ಓಕ್ ಎಂಬುದು ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೂ ಹಣ್ಣಿನ ಪೆಟ್ಟಿಗೆ ಮಾಡಲಿಕ್ಕೂ ಮಾತ್ರ ಹುಟ್ಟಿದ ಮರ ಎಂದೆಲ್ಲ ಹೇಳಿ, ಕೊನೆಗೆ ನನ್ನ ಕೈಯಲ್ಲಿದ್ದ ಗಿಟಾರು ನನ್ನ ಅಜ್ಜಿ ತುಂಗಮ್ಮನವರ ಬೀಟೆ ಮಂಚದ ತಲೆಹಲಗೆಯಿಂದ ಮಾಡಿದ್ದೆಂದು ಮೈಕಿನಲ್ಲಿ ಸಾರಿದೆ. ಸಭೆ ಚಪ್ಪಾಳೆ ತಟ್ಟಿತು. ತಾವು ಜೇಬಿನಿಂದ ಡೈರಿ ತೆಗೆದಿರಿ.

ಆ ಹಲಗೆಯೇ ಏಕೆ ಬೇಕಿತ್ತೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಲಕ್ವ ಹೊಡೆದು ಮಾತು ಹೋದ ಮೇಲೆ ಅಜ್ಜಿ ಎರಡು ವರ್ಷ ಆ ಮಂಚದಲ್ಲೇ ಇದ್ದರು. ನಾನು ಬೇಕೆನಿಸಿದಾಗ ತಲೆಹಲಗೆಗೆ ಬೆರಳಿನ ಗೆಣ್ಣಿನಿಂದ ಮೂರು ಸಲ ಬಡಿಯುತ್ತಿದ್ದರು. ಅವರು ಹೋದ ಮೇಲೆ ನನಗೆ ತಡೆಯಲಾಗದ್ದು ಆ ಸದ್ದು ನಿಂತುಹೋದದ್ದು. ಹಾಗಾಗಿ ಮಂಚವನ್ನೇ ಆಚಾರಿಗಳೊಬ್ಬರಿಗೆ ಒಪ್ಪಿಸಿ, ತಲೆಹಲಗೆಯಲ್ಲಿ ಗಿಟಾರಿನ ಒಡಲು ಕೊಯ್ದುಕೊಡಿ, ಮಿಕ್ಕ ಮರ ನೀವೇ ಇಟ್ಟುಕೊಳ್ಳಿ ಎಂದೆ. ಗಿಟಾರು ಬಂದ ದಿನ ದಪ್ಪ ತಂತಿಯನ್ನು ಮೀಟಿದಾಗ ಅಜ್ಜಿ ಕರೆದ ಹಾಗೇ ಆಯಿತು, ಮಾನ್ಯರೇ, ನಾನು ಕೂತಲ್ಲಿಂದ ಎದ್ದು ನಿಂತಿದ್ದೆ.

ಕಳಸದ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಪ್ರಸಾದನೊಬ್ಬ ಮಾತ್ರ ಇದನ್ನು ಒಪ್ಪಲಿಲ್ಲ. “ಗಿರಿಜಕ್ಕ, ಇದು ಕರೆಂಟ್ ಗಿಟಾರು. ತಂತಿ ಕೆಳಗಿರೋ ಪಿಕಪ್ಪು ಕೇಳಿಸ್ಕೊಳ್ಳೋದು ತಂತೀನ, ಮರಾನ ಅಲ್ಲ ಮಾರಾಯ್ರೆ” ಎಂದು ನನ್ನ ಎದುರಿಗೇ ಹೇಳಿದ. ನಾನು ಅವನ ಅಂಗಡಿಯ ಬಾಗಿಲಾಚೆ ನಿಂತು ಪರೀಕ್ಷೆಗೊಳಗಾದೆ. ಒಳಗೆ ಅವನು ಒಮ್ಮೆ ನನ್ನ ಗಿಟಾರು, ಒಮ್ಮೆ ಅಂಗಡಿಯಿಂದ ತಂದ ಗಿಟಾರು ಮೀಟಿದ, ನಾನು ಹತ್ತಕ್ಕೆ ಹತ್ತು ಸಲವೂ ಬೀಟೆ ಯಾವುದೆಂದು ಸರಿಯಾಗಿ ಹೇಳಿದೆ. ಅಂದಿನಿಂದ ಮರದ ವಿಷಯದಲ್ಲಿ ನನ್ನ ಕಿವಿಯೇ ಕೊನೆಯ ಮಾತು ಎಂದು ನಮ್ಮ ಕಡೆ ನಾನೇ ಪ್ರಚಾರ ಮಾಡಿಕೊಂಡು ಬಂದಿದ್ದೆ.

ಕೂಟ ಮುಗಿದ ಮೂರನೆಯ ದಿನ ತಾವು ಪಂಚರ ಸಮೇತ ನಮ್ಮ ಮನೆಗೆ ದಯಮಾಡಿಸಿ, “ಬೀಟೆ ನಾಟಾ ಒಂದು, ತಂತಿ ಆರು ಸಹಿತ, ಬಾಲ ಉಳ್ಳದ್ದು” ಎಂದು ಮಹಜರು ಬರೆದು ಗಿಟಾರನ್ನು ಜಪ್ತಿ ಮಾಡಿದಿರಿ. ಪರವಾನಗಿಯಿಲ್ಲದೆ ಬೀಟೆ ಕಡಿಯುವಂತಿಲ್ಲವೆಂದು, ಹಳೆಯ ಮಂಚದ ಹಲಗೆ ಎಂಬುದಕ್ಕೆ ದಾಖಲೆ ಕೇಳಿದಿರಿ. ಅಜ್ಜಿಯ ಕಾಲದಲ್ಲಿ ಮಂಚಗಳಿಗೆ ಜಾತಕ ಬರೆಸುವ ಪದ್ಧತಿ ಇರಲಿಲ್ಲವಾದ್ದರಿಂದ ನನ್ನ ಬಳಿ ಇರಲಿಲ್ಲ. ಇದನ್ನು ಕೊಯ್ದವರು ಯಾರು ಎಂದು ಕೇಳಿದಾಗ ಅಜ್ಜಿಯ ಬೀಟೆ ಮಂಚದಿಂದ ನನ್ನ ಕೈಯಾರೆ ಮಾಡಿದೆ ಎಂದು ಹೇಳಿಕೆ ಬರೆದು ಸಹಿ ಹಾಕಿದೆ. ಅದು ಸುಳ್ಳು. ಆಚಾರಿಗಳನ್ನು ಉಳಿಸಬೇಕೆಂಬ ದೊಡ್ಡ ಮನಸ್ಸೇನೂ ಇರಲಿಲ್ಲ, ಪಂಚರ ಮುಂದೆ ಜಂಬ ಕೊಚ್ಚಿಕೊಂಡೆ ಅಷ್ಟೇ.

ಜಪ್ತಿಯಾದ ನಾಟಾಕ್ಕೆ ಮಾಡುವ ಸಕಲ ಮರ್ಯಾದೆಯನ್ನೂ ತಾವು ನನ್ನ ಗಿಟಾರಿಗೂ ಮಾಡಿದ್ದನ್ನು ನೆನೆಯದಿದ್ದರೆ ಕೃತಘ್ನಳಾಗುತ್ತೇನೆ. ಇಲಾಖೆಯ ಸುತ್ತಿಗೆಯಿಂದ ಅದರ ಎದೆಯ ಮೇಲೆ ಮುದ್ರೆ ಬಡಿದಿರಿ. ಅದರ ನಂತರ ದನಿಯಲ್ಲಿದ್ದ ಚೂಪು ಹೋಗಿ ಒಂದು ಬಗೆಯ ಸರ್ಕಾರಿ ಮಂದತೆ ಬಂದಿದೆ, ಅದನ್ನು ತರಿಸಲು ಹೊರದೇಶದ ಗಿಟಾರ್ ತಯಾರಕರು ಬಹಳ ಹೆಣಗುತ್ತಾರೆಂದು ಕೇಳಿದ್ದೇನೆ. ಬೆನ್ನಿಗೆ ಕೊರೆದು ಪ್ರಯೋಗಾಲಯಕ್ಕೆ ಚೂರು ಕಳುಹಿಸಿದಿರಿ. ಟಾರ್ಪಾಲಿನ ಕೆಳಗೆ ತೇಗದ ದಿಮ್ಮಿಗಳ ಮಧ್ಯೆ ಮಲಗಿಸಿ, ಬಿರಡೆಗಳಿಗೆ ಗಾರ್ಡುಗಳ ರೇನ್‌ಕೋಟುಗಳನ್ನು ನೇತುಹಾಕಿಸಿ, ನಮ್ಮ ಮನೆಯಲ್ಲಿ ಎಂದೂ ಸಿಗದಷ್ಟು ಜನರ ಒಡನಾಟ ಒದಗಿಸಿದಿರಿ. ಇಷ್ಟೆಲ್ಲ ಆಗುತ್ತಿರುವಾಗ ನನಗೆ ಸಿಟ್ಟು ಬರುತ್ತಿತ್ತು ನಿಜ, ಆದರೆ ಒಳಗೊಳಗೇ ಹೆಮ್ಮೆಯೂ ಇತ್ತು. ಇಡೀ ಇಲಾಖೆ ನನ್ನ ಗಿಟಾರನ್ನು ಬೀಟೆಯೆಂದು ಒಪ್ಪಿಕೊಂಡಿತ್ತಲ್ಲ.

ಹಾಗಿರುವಾಗ ಕಳೆದ ತಿಂಗಳು ತಾವು ನನ್ನನ್ನು ಕರೆಸಿ, ಗಿಟಾರನ್ನು ಕೈಗಿತ್ತು, ಪ್ರಯೋಗಾಲಯದ ವರದಿಯನ್ನು ಗಟ್ಟಿಯಾಗಿ ಓದಿದಿರಿ: ಮಾದರಿಯು ಬೀಟೆಯಲ್ಲ, ಸಿಲ್ವರ್ ಓಕ್, ಕಡಿಯಲು, ಸಾಗಿಸಲು ಯಾವ ಪರವಾನಗಿಯೂ ಬೇಕಿಲ್ಲ, ಬಣ್ಣವು ಕಾಫಿ ಡಿಕಾಕ್ಷನ್ನಿನದು. ಮಾನ್ಯರೇ, ಕಳ್ಳಿ ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ತೋಟದಲ್ಲೇ ನಾನೂರು ಸಿಲ್ವರ್ ಮರಗಳಿವೆ, ಅವುಗಳಿಗೆ ನಾನು ಈವರೆಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ. ಗಿಟಾರು ಅಷ್ಟು ಹಗುರವಿದ್ದದ್ದಕ್ಕೆ ಎಂಬತ್ತು ವರ್ಷ ಒಣಗಿದ ಬೀಟೆ ಹಾಗೇ ಇರುವುದು ಎಂದು ವಿವರಣೆ ಕೊಡುತ್ತಿದ್ದವಳೂ ನಾನೇ, ಮಳೆಗಾಲದಲ್ಲಿ ಅದರಿಂದ ಕಾಫಿ ವಾಸನೆ ಬಂದರೆ ತೋಟದ ಮನೆಯಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದವಳೂ ನಾನೇ. ಸುದ್ದಿ ಕೇಳಿದ ಪ್ರಸಾದ ನಗಲಿಲ್ಲ, “ಹೋಗ್ಲಿ ಬಿಡಿ ಗಿರಿಜಕ್ಕ” ಎಂದ. ನಕ್ಕಿದ್ದರೇ ಚೆನ್ನಾಗಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಮರುವಾರವೇ ತಮ್ಮ ಎರಡನೆಯ ನೋಟೀಸು ಬಂತು: ಬೀಟೆ ಮಂಚ ಇತ್ತೆಂದು ತಾವೇ ಸಹಿ ಮಾಡಿರುತ್ತೀರಿ, ಗಿಟಾರಿನಲ್ಲಿ ಅದು ಇರುವುದಿಲ್ಲ, ಆದಕಾರಣ ಸದರಿ ಮಂಚವು ಎಲ್ಲಿದೆಯೆಂದು ಏಳು ದಿನದೊಳಗೆ ತಿಳಿಸತಕ್ಕದ್ದು. ತರ್ಕಕ್ಕೆ ತಲೆಬಾಗಿ ನಾನು ನೇರ ಆಚಾರಿಗಳ ಮನೆಗೆ ಹೋದೆ. ಹೋದವಳು ಅಂಗಳದಲ್ಲೇ ನಿಂತು ಕೂಗಾಡಿದೆ, ಮೋಸಗಾರ ಎಂದೆ. ಅವರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಹೇಳಿದರು: “ಗರಗಸ ಇಟ್ಟಿದ್ದು ಹೌದಮ್ಮಾ, ಎಳೆಯೋಕೆ ಕೈ ಬರ್ಲಿಲ್ಲ. ಆ ಮಂಚ ಮಾಡಿದ್ದು ನಮ್ಮಜ್ಜ. ಒಂದು ಮೊಳೆ ಇಲ್ಲ ಅದ್ರಲ್ಲಿ, ಎಲ್ಲಾ ಕೀಲಲ್ಲೇ ಕೂತಿರೋದು. ನಿಮ್ಗೆ ಹೇಳೋಕೆ ಹೆದ್ರಿಕೆ ಆಯ್ತು, ನಿಮ್ಮ ತೋಟದ್ದೇ ಸಿಲ್ವರ್ ತಗೊಂಡು ಮಾಡ್ದೆ. ಅಷ್ಟೊತ್ತಿಗೆ ನಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡ್ರು. ನೆಲದ ಮೇಲಿಂದ ಎತ್ತೋಕಾಗ್ತಿರ್ಲಿಲ್ಲ, ಅದ್ರಲ್ಲಿ ಮಲಗಿಸ್ದೆ.”

ನಾನು ಇನ್ನೂ ಏನೋ ಬೈಯಬೇಕೆಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು, ಆ ತಾಯಿ ಮಗನನ್ನು ಕರೆಯಲು ತಲೆಹಲಗೆಗೆ ಬಡಿದಿದ್ದರು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ಆ ಸದ್ದಿಗೂ ನನ್ನ ಗಿಟಾರಿನ ಸದ್ದಿಗೂ ಕಿಂಚಿತ್ತೂ ಸಂಬಂಧವಿರಲಿಲ್ಲ. ಮೂರು ವರ್ಷ ನಾನು ಅಜ್ಜಿಯನ್ನು ಕೇಳಿಸಿಕೊಂಡದ್ದು ನಮ್ಮ ಮೆಣಸಿನ ಬಳ್ಳಿಯ ಮರದಲ್ಲಿ. ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತು ಆ ತಾಯಿ ಕೊಡಿಸಿದ ಕಾಫಿ ಕುಡಿದು ಬಂದೆ.

ಆದ್ದರಿಂದ ನೋಟೀಸಿಗೆ ನನ್ನ ಉತ್ತರ: ಮಂಚ ಎಲ್ಲಿದೆಯೆಂದು ನನಗೆ ಗೊತ್ತಿದೆ, ಹೇಳುವುದಿಲ್ಲ. ಅದು ಮೂಡಿಗೆರೆಯ ಕಡೆಯೋ, ಅತ್ತಿಗುಂಡಿಯ ಕಡೆಯೋ, ದೇವರಮನೆಯ ಕಡೆಯೋ ಎಂಬುದನ್ನೂ ಹೇಳುವುದಿಲ್ಲ. ಸೊಂಟದ ಸುಳಿವು ಹಿಡಿದು ಹುಡುಕುತ್ತೇನೆಂದರೆ, ಈ ಜಿಲ್ಲೆಯಲ್ಲಿ ಸೊಂಟ ನೋವಿಲ್ಲದ ವೃದ್ಧೆಯೊಬ್ಬರನ್ನು ತಾವು ಮೊದಲು ತೋರಿಸಬೇಕು. ಆ ಹಲಗೆ ಇನ್ನೂ ಕೆಲಸದಲ್ಲಿದೆ, ಅದರ ಮೇಲೆ ಸುತ್ತಿಗೆ ಬೀಳಲು ನಾನು ಬಿಡುವುದಿಲ್ಲ. ತಮ್ಮ ಕಡತಕ್ಕೆ ಒಂದು ಬೀಟೆ ಬೇಕೇ ಬೇಕೆಂದಾದರೆ, ಈ ಪತ್ರದೊಂದಿಗೆ ಗಿಟಾರನ್ನು ಮರಳಿ ಒಪ್ಪಿಸುತ್ತಿದ್ದೇನೆ. ಅದನ್ನು ಬೀಟೆಯೆಂದು ಖಾಯಮ್ಮಾಗಿ ಬರೆದುಕೊಳ್ಳಿ. ಪ್ರಯೋಗಾಲಯ ಏನಾದರೂ ಹೇಳಲಿ, ಎದೆಯ ಮೇಲೆ ಇಲಾಖೆಯದೇ ಮುದ್ರೆಯಿದೆ; ಇಲಾಖೆಯ ಸುತ್ತಿಗೆ ಸುಳ್ಳು ಹೇಳಿತೆನ್ನುವಷ್ಟು ಧೈರ್ಯ ಈ ವಲಯದಲ್ಲಿ ಯಾರಿಗಿದೆ? ಬೇಕಾದರೆ ಆ ವಿಜ್ಞಾನಿಗಳನ್ನು ಪ್ರಸಾದನ ಅಂಗಡಿಯ ಬಾಗಿಲಾಚೆ ನಿಲ್ಲಿಸಿ, ನಾನೇ ನುಡಿಸಿ ಬೀಟೆಯೆಂದು ಸಾಬೀತು ಮಾಡುತ್ತೇನೆ, ಹತ್ತಕ್ಕೆ ಹತ್ತು ಸಲ. ಬೀಟೆ ಕೊಯ್ದವಳು ನಾನೇ ಎಂಬ ತಪ್ಪೊಪ್ಪಿಗೆಗೂ ಸಹಿ ಹಾಕಿಯೇ ಕಳುಹಿಸಿದ್ದೇನೆ. ಗಿಟಾರ್ ಕೊಟ್ಟುಬಿಡುವುದು ನನಗೆ ಸುಲಭವೆಂದು ಮಾತ್ರ ತಿಳಿಯಬೇಡಿ. ಅದು ಸಿಲ್ವರ್ ಎಂದು ಗೊತ್ತಾದ ಮೇಲೂ ನಿನ್ನೆ ಬೆಳಿಗ್ಗೆ ದಪ್ಪ ತಂತಿ ಮೀಟಿದೆ, ಮತ್ತೆ ಎದ್ದು ನಿಂತೆ.

ನಾನೂರು ಸಿಲ್ವರ್ ಮರಗಳ ಕ್ಷಮೆ ಕೇಳಿಕೊಂಡು ಬಂದಿರುವ,
ತಮ್ಮ ವಿಶ್ವಾಸಿ,
ಗಿರಿಜಾಂಬಾ

ತಾ.ಕ.: ವರದಿ ಕೈಗೆ ಕೊಟ್ಟ ದಿನ ತಾವು ತಮ್ಮ ಮೇಜಿನ ಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತಿದಾಗ ಎದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ತುಂಬು, ಗಂಭೀರ, ಕೊಠಡಿಯ ಆಚೆ ಗೋಡೆ ಮುಟ್ಟಿ ಬರುವಂಥದ್ದು. ನನ್ನ ಕಿವಿ ನಂಬಲು ತಕ್ಕದ್ದಲ್ಲವೆಂದು ತಾವೇ ಸಾಬೀತುಪಡಿಸಿರುವುದರಿಂದ ನಾನಾಗಿ ಏನೂ ಹೇಳುವುದಿಲ್ಲ. ಆ ಮೇಜಿನ ಒಂದು ಚೂರನ್ನು ಕೊರೆದು ಅದೇ ಪ್ರಯೋಗಾಲಯಕ್ಕೆ ಕಳುಹಿಸಿ, ಅದರ ಪರವಾನಗಿಯ ಪ್ರತಿಯೊಂದನ್ನು ಏಳು ದಿನದೊಳಗೆ ನನಗೆ ದಯಪಾಲಿಸಬೇಕೆಂದು ಪ್ರಾರ್ಥನೆ.